ಕಡಲೂರಿನಿಂದ ಮರಳೂರಿಗೆ: ಜೈಸಲ್ಮೇರ್ ಪ್ರವಾಸ ಹೂಡುವುದು ಹೇಗೆ?

ಕಾರವಾರದ ಮೇ ತಿಂಗಳನ್ನು ಸಹಿಸಿಕೊಂಡವರಿಗೆ ರಾಜಸ್ಥಾನದ ಬಿಸಿಲು ಏನು ಮಹಾ ಎಂಬ ಧೈರ್ಯ ಇರುತ್ತದೆ. ಆ ಧೈರ್ಯವನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿದರೆ, ಥಾರ್ ಮರುಭೂಮಿಯ ನಡುವಿರುವ ಜೈಸಲ್ಮೇರ್‌ನಲ್ಲಿ ಬೀಳುವುದು 200 ಮಿಲಿಮೀಟರ್ ಆಸುಪಾಸು. ನಮ್ಮ ಆಷಾಢದ ಒಂದೆರಡು ದಿನದ ಜಡಿಮಳೆಯಷ್ಟೇ ಅವರಿಗೆ ವರ್ಷದ ಪಾಲು. ಅಲ್ಲಿನ ಮನೆ, ಊಟ, ಪ್ರಾಣಿಗಳ ಬದುಕು ಎಲ್ಲವೂ ಈ ಲೆಕ್ಕದ ಮೇಲೆ ನಿಂತಿವೆ. ಪ್ರವಾಸವನ್ನೂ ಇದೇ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು.

ಹೆಜ್ಜೆ 1: ತಿಂಗಳು ಗೊತ್ತುಮಾಡಿ

ನವೆಂಬರ್ ನಡುಭಾಗದಿಂದ ಫೆಬ್ರುವರಿ ಕೊನೆಯವರೆಗೆ ಹೋಗಬಹುದು. ಮೀನುಗಾರರ ಕುಟುಂಬಗಳಿಗೆ ಬಿಡುವು ಸಿಗುವುದು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈನಲ್ಲಿ. ಆದರೆ ಜೂನ್‌ನಲ್ಲಿ ಅಲ್ಲಿ 40 ಡಿಗ್ರಿ ದಾಟಿದ ಬಿಸಿಲು, ಜೊತೆಗೆ ದೂಳಿನ ಬಿರುಗಾಳಿ. ಜೋಧಪುರದಿಂದ ಜೈಸಲ್ಮೇರ್ ಕಡೆ ಹೋಗುವಾಗ ಸಿಗುವ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ದಾಖಲಾಗಿತ್ತು. ಶಿರಸಿ, ಸಿದ್ದಾಪುರದ ತೋಟಿಗರಿಗೆ ಡಿಸೆಂಬರ್, ಜನವರಿ ಎಂದರೆ ಕೊನೆಕೊಯ್ಲು, ಅಡಿಕೆ ಸುಲಿಯುವ ಗಡಿಬಿಡಿ. ಅವರಿಗೆ ಫೆಬ್ರುವರಿಯೇ ಹದ. ಮಾರಿಕಾಂಬೆ ಜಾತ್ರೆ ಇರುವ ವರ್ಷವಾದರೆ ಜಾತ್ರೆಗೆ ಮುಂಚೆ ಮುಗಿಸಿಕೊಳ್ಳಿ. ಮಾಘ ಹುಣ್ಣಿಮೆಯ ಹೊತ್ತಿಗೆ ಜೈಸಲ್ಮೇರ್‌ನಲ್ಲಿ ಮರು ಮಹೋತ್ಸವ ನಡೆಯುತ್ತದೆ. ಒಂಟೆ ಓಟ, ಮೀಸೆ ಸ್ಪರ್ಧೆ ಬೇಕೆನ್ನುವವರು ಆಗ ಹೋಗಲಿ, ಕೊಠಡಿ ಮಾತ್ರ ಮೊದಲೇ ಕಾಯ್ದಿರಿಸಲಿ.

ಹೆಜ್ಜೆ 2: ಬಿಸಿಲಿನ ವರಸೆ ಅರಿತುಕೊಳ್ಳಿ

ಕರಾವಳಿಯ ಗಾಳಿ ಮೊದಲೇ ತೇವ ತುಂಬಿಕೊಂಡಿರುತ್ತದೆ. ಬೆವರು ಆರುವುದಿಲ್ಲ, ಅಂಗಿ ಬೆನ್ನಿಗೆ ಅಂಟುತ್ತದೆ. ಸೆಕೆ ತಡೆಯಲಾರದೆ ಫ್ಯಾನಿನ ಕೆಳಗೆ ಕೂರುತ್ತೇವೆ, ನೀರು ಕುಡಿಯುತ್ತೇವೆ. ಮರುಭೂಮಿಯ ಒಣ ಗಾಳಿಯಲ್ಲಿ ಬೆವರು ಮೂಡಿದ ಕೂಡಲೇ ಆವಿಯಾಗುತ್ತದೆ. ಮೈ ಒದ್ದೆಯಾಗುವುದಿಲ್ಲ, ಹಾಗಾಗಿ ಬೆವರಿದ್ದೇ ತಿಳಿಯುವುದಿಲ್ಲ. ಸಂಜೆ ಕಪ್ಪು ಅಂಗಿಯ ಕೊರಳಪಟ್ಟಿ ನೋಡಿ, ಬಿಳಿ ಉಪ್ಪಿನ ಗೆರೆ ಕಾಣುತ್ತದೆ. ಅಷ್ಟು ನೀರು ಮೈಯಿಂದ ಹೋಗಿದೆ ಎಂದರ್ಥ. ಬಾಯಾರಿಕೆಗೆ ಕಾಯದೆ ಗಂಟೆಗೊಮ್ಮೆ ಗುಟುಕರಿಸುತ್ತಿರಬೇಕು. ಮುರುಗಲು ಹಣ್ಣಿನ ಸಿರಪ್ಪಿನ ಒಂದು ಬಾಟಲಿ ಚೀಲದಲ್ಲಿದ್ದರೆ ಚಿಟಿಕೆ ಉಪ್ಪು ಸೇರಿಸಿ ಪಾನಕ ಮಾಡಿಕೊಳ್ಳಬಹುದು.

ಹಗಲಿಗಿಂತ ನಮ್ಮವರನ್ನು ಕಂಗೆಡಿಸುವುದು ರಾತ್ರಿ. ಕಡಲು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ಗಾಳಿಯಲ್ಲಿನ ತೇವವೂ ಆ ಬಿಸಿ ಮೇಲಕ್ಕೆ ಹಾರಿಹೋಗದಂತೆ ತಡೆಯುತ್ತದೆ. ಒಣ ಮರಳಿಗೆ ಆ ಗುಣವಿಲ್ಲ. ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಮೋಡವಿಲ್ಲದ ಆಕಾಶಕ್ಕೆ ಬಿಸಿಯೆಲ್ಲ ಸೋರಿಹೋಗಿ ಜನವರಿಯ ರಾತ್ರಿ ಎಂಟು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಸ್ವೆಟರ್ ಎಂಬುದನ್ನೇ ಕಾಣದ ಅಂಕೋಲಾ, ಕುಮಟಾದವರು ದಪ್ಪ ಕಂಬಳಿಯನ್ನೇ ಒಯ್ಯಬೇಕು. ತುಟಿ, ಹಿಮ್ಮಡಿ ಒಡೆಯುತ್ತವೆ, ಕೊಬ್ಬರಿ ಎಣ್ಣೆ ಮರೆಯಬೇಡಿ.

ಹೆಜ್ಜೆ 3: ರೈಲು

ಕೊಂಕಣ ರೈಲು ಮಾರ್ಗದಲ್ಲೇ ರಾಜಸ್ಥಾನದ ರೈಲುಗಳು ಓಡುತ್ತವೆ. ಎರ್ನಾಕುಲಂ–ಅಜ್ಮೇರ್ ನಡುವಿನ ಮರುಸಾಗರ್ ಎಕ್ಸ್‌ಪ್ರೆಸ್ ಅದರಲ್ಲೊಂದು. ದಿನನಿತ್ಯದ ರೈಲುಗಳಲ್ಲವಾದ್ದರಿಂದ ವಾರ ಮತ್ತು ನಿಲುಗಡೆ ನೋಡಿಕೊಂಡೇ ಟಿಕೆಟ್ ಮಾಡಿಸಿ. ನಮ್ಮ ನಿಲ್ದಾಣದಲ್ಲಿ ನಿಲ್ಲದಿದ್ದರೆ ಮಡಗಾಂವ್ ಇದ್ದೇ ಇದೆ. ಜೈಸಲ್ಮೇರ್ ದಾರಿಯಲ್ಲಿ ಸಿಗುವ ಜೋಧಪುರದಲ್ಲಿ ಒಂದು ದಿನ ತಂಗುವುದಾದರೆ ಹತ್ತಿರದ ಖೇಜರ್ಲಿಗೆ ಹೋಗಿಬನ್ನಿ. 1730ರಲ್ಲಿ ಅರಸನ ಆಳುಗಳು ಮರ ಕಡಿಯಲು ಬಂದಾಗ ಅಮೃತಾದೇವಿಯ ಮುಂದಾಳ್ತನದಲ್ಲಿ ಮರಗಳನ್ನು ತಬ್ಬಿ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟ ಊರು ಅದು. 1983ರಲ್ಲಿ ಸಾಲ್ಕಣಿಯಲ್ಲಿ ಮರ ತಬ್ಬಿ ಕಾಡು ಉಳಿಸುವ ಅಪ್ಪಿಕೋ ಚಳವಳಿ ಕಂಡ ಶಿರಸಿಯವರು ಆ ಊರನ್ನು ದಾಟಿ ಮುಂದೆ ಹೋಗುವುದು ಸರಿಯಲ್ಲ. ಅವರು ಉಳಿಸಿದ ಖೇಜ್ರಿ ಬೇರೇನಲ್ಲ, ವಿಜಯದಶಮಿಗೆ ನಾವು ಪೂಜಿಸುವ ಬನ್ನಿಮರ.

ಹೆಜ್ಜೆ 4: ಊರನ್ನು ನೆರಳು ಹಿಡಿದು ನೋಡಿ

ಬೆಳಗ್ಗೆ ಮೊದಲು ಕೋಟೆ. ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ ಈ ಹಳದಿ ಮರಳುಗಲ್ಲಿನ ಕೋಟೆ 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಿರ್ಜಾನ್ ಕೋಟೆಯಂತೆ ಇದು ಬರಿದಾಗಿಲ್ಲ. ಸಾವಿರಾರು ಜನ ಇಂದಿಗೂ ಒಳಗೇ ಸಂಸಾರ ಮಾಡಿಕೊಂಡಿದ್ದಾರೆ. ಜೈನ ಬಸದಿಗಳನ್ನು ಬೆಳಗಿನ ಹೊತ್ತಿನಲ್ಲೇ ನೋಡಿಬಿಡಿ. ಕೊನೆಯ ಬಾಗಿಲಾದ ಹವಾ ಪೋಲ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ತಂಗಾಳಿ ಸಿಗುತ್ತದೆ, ಸ್ಥಳೀಯರೂ ಅಲ್ಲೇ ಕುಳಿತಿರುತ್ತಾರೆ. ಕೋಟೆಯೊಳಗಿನ ಹೋಟೆಲಿನಲ್ಲಿ ಮಾತ್ರ ಉಳಿಯಬೇಡಿ ಎನ್ನುವುದು ನನ್ನ ಸಲಹೆ. ಕೊಡದಲ್ಲಿ ನೀರು ಹೊತ್ತು ತರುವ ಕಾಲದ ಕೋಟೆ ಇದು. ನಲ್ಲಿ ಬಂದಮೇಲೆ ಸೋರಿದ ನೀರು ಬುಡದ ಜೇಡಿಪದರಕ್ಕೆ ಇಳಿದು ಬುರುಜುಗಳು ಕುಸಿದಿವೆ.

ನಡುಹಗಲಿಗೆ ಓಣಿಗಳಿಗೆ ಇಳಿಯಿರಿ. ಕಿರಿದಾದ ಓಣಿಗಳಲ್ಲಿ ಒಂದು ಗೋಡೆಯ ನೆರಳು ಇನ್ನೊಂದು ಗೋಡೆಗೆ ಬೀಳುತ್ತದೆ. ಹತ್ತೊಂಬತ್ತನೆಯ ಶತಮಾನದ ವರ್ತಕರು ಕಟ್ಟಿಸಿದ ಪಟ್ವೋಂಕಿ ಹವೇಲಿಯಲ್ಲಿ ಕಲ್ಲಿನ ಜಾಲಂಧ್ರದ ಹತ್ತಿರ ಅಂಗೈ ಹಿಡಿಯಿರಿ. ಹೊರಗೆ ಝಳವಿದ್ದರೂ ತೂತುಗಳಿಂದ ಬರುವ ಗಾಳಿ ಹಿತವಾಗಿರುತ್ತದೆ. ಬಿಸಿಲು ಸಣ್ಣ ಸಣ್ಣ ತುಂಡುಗಳಾಗಿ ನೆಲಕ್ಕೆ ಬೀಳುತ್ತದೆ, ಒಳಗಿದ್ದವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗೇನೂ ಕಾಣುವುದಿಲ್ಲ. ಸಂಜೆ ಗಡೀಸರ್ ಕೆರೆ. ಕಾಲುವೆ ನೀರು ಬರುವ ಮುನ್ನ ಊರು ನೆಚ್ಚಿಕೊಂಡಿದ್ದು ಈ ಕೆರೆಯನ್ನು.

ಊಟಕ್ಕೆ ಕೇರ್-ಸಾಂಗ್ರಿ ಕೇಳಿ. ಕೇರ್ ಎಂದರೆ ಮರುಭೂಮಿಯ ಪೊದೆಯೊಂದರ ಪುಟ್ಟ ಕಾಯಿ, ಸಾಂಗ್ರಿ ಎಂದರೆ ಬನ್ನಿಯ ಎಳೆಕಾಯಿ. ಒಣಗಿಸಿಟ್ಟು ವರ್ಷವಿಡೀ ಬಳಸುತ್ತಾರೆ. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವ ನಮ್ಮ ಮನೆಗಳಿಗೆ ಈ ಜಾಣ್ಮೆ ಹೊಸದಲ್ಲ. ಮೀನಿನ ಆಸೆ ಬಿಡಿ.

ಹೆಜ್ಜೆ 5: ಪ್ರಾಣಿಗಳ ಸಮಯಕ್ಕೆ ಏಳಿ

ದಾಂಡೇಲಿಯಲ್ಲಿ ಮಂಗಟ್ಟೆಗಾಗಿ ಕತ್ತು ಮೇಲೆತ್ತಿ ಅಭ್ಯಾಸವಾದವರು ಇಲ್ಲಿ ದೂರದ ಬಯಲಿಗೆ ಕಣ್ಣು ಹೊಂದಿಸಿಕೊಳ್ಳಬೇಕು. 3,162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಕಾಡು ಎಂದರೆ ಕುರುಚಲು ಹುಲ್ಲು, ಅಲ್ಲೊಂದು ಇಲ್ಲೊಂದು ಮರ. ಅರಣ್ಯ ಇಲಾಖೆಯ ಅನುಮತಿ ಪಡೆದು, ಸೂರ್ಯ ಏರುವ ಮುನ್ನ ಒಳಗಿರಬೇಕು. ಹತ್ತು ಗಂಟೆಯ ಮೇಲೆ ಬಹುತೇಕ ಜೀವಿಗಳು ಬಿಲ ಅಥವಾ ನೆರಳು ಸೇರಿರುತ್ತವೆ. ಚಿಂಕಾರ ಎಂಬ ಪುಟ್ಟ ಹುಲ್ಲೆ ಬಹಳ ಕಾಲ ನೀರು ಕುಡಿಯದೆ ಎಲೆಯ ತೇವ, ಇಬ್ಬನಿಯಲ್ಲೇ ಬದುಕಬಲ್ಲದು. ಮುಳ್ಳುಬಾಲದ ಹಲ್ಲಿಯನ್ನು ನೋಡಲು ತಾಳ್ಮೆ ಬೇಕು. ಬಿಸಿಲು ಹದವಾಗಿ ಕಾದಮೇಲೆ ಬಿಲದ ಬಾಯಲ್ಲಿ ತಲೆ ಹೊರಹಾಕಿ ಮೈ ಕಾಯಿಸುತ್ತದೆ. ಹದ್ದಿನ ನೆರಳು ಸುಳಿದರೆ ಒಳಗೆ ಜಾರಿ, ಉಂಗುರ ಉಂಗುರವಾಗಿ ಮುಳ್ಳಿರುವ ಬಾಲವನ್ನೇ ಬಾಗಿಲಿಗೆ ಅಡ್ಡ ಇಡುತ್ತದೆ. ಹುಲ್ಲು, ಎಲೆ ತಿಂದು ಬದುಕುವ ಸಾಧು ಜೀವಿ ಅದು. ಚಳಿಗಾಲವಾದರೆ ಕಡುಕಂದು ಬಣ್ಣದ ಹದ್ದುಗಳು, ರಣಹದ್ದುಗಳೂ ಸಿಗುತ್ತವೆ.

ಎಲ್ಲರೂ ಹುಡುಕುವುದು ಗೋಡಾವಣ್ ಎಂಬ ದೊಡ್ಡ ಹಕ್ಕಿಯನ್ನು, ಬಳ್ಳಾರಿ ಕಡೆಯವರ ಎರ್ಲಡ್ಡುವನ್ನು. ನಮ್ಮ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಈ ಹಕ್ಕಿ ದೇಶದಲ್ಲೇ ನೂರೈವತ್ತರ ಆಸುಪಾಸಿನಲ್ಲಿದೆ. ಗಂಡು ಹದಿನೈದು ಕಿಲೋವರೆಗೆ ತೂಗುತ್ತದೆ, ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ನೇರ ಎದುರಿನ ವಿದ್ಯುತ್ ತಂತಿ ಬೇಗ ಕಾಣುವುದಿಲ್ಲ. ಕಂಡರೂ ಆ ಭಾರದ ಮೈ ಥಟ್ಟನೆ ಹೊರಳಲಾರದು. ಸೌರ, ಪವನ ವಿದ್ಯುತ್ತಿನ ತಂತಿಗಳೇ ಅದಕ್ಕೆ ಮೃತ್ಯುವಾಗಿವೆ. ಕೈಗಾ ಅಣುಸ್ಥಾವರದ ತಂತಿಗಾಗಿ ಕಾಡು ಸೀಳಿದ್ದನ್ನು ಕಂಡ ಉತ್ತರ ಕನ್ನಡ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಕ್ಕಿ ಕಂಡರೆ ಜೀಪಿನಿಂದ ಇಳಿಯಬೇಡಿ, ಹತ್ತಿರ ಓಡಿಸು ಎಂದು ಚಾಲಕನನ್ನು ಕಾಡಬೇಡಿ.

ಹೆಜ್ಜೆ 6: ಮರಳದಿಬ್ಬ

ಸಮ್ ದಿಬ್ಬಗಳು ಊರಿನಿಂದ ಸುಮಾರು 40 ಕಿಲೋಮೀಟರ್. ಜೀಪುಗಳ ಆರ್ಭಟ, ರಾತ್ರಿ ಧ್ವನಿವರ್ಧಕ ಎಲ್ಲವೂ ಅಲ್ಲಿವೆ. ಶಾಂತಿ ಬೇಕಾದವರು ಖುರಿ ಹಳ್ಳಿಗೆ ಹೋಗಲಿ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕೂರುವಾಗ ಮೊದಲು ಮುಂಗಾಲು ಮಡಚುತ್ತದೆ. ಎರಡೂ ಸಲ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ, ಆದ್ದರಿಂದ ಎರಡೂ ಸಲ ಹಿಂದಕ್ಕೆ ವಾಲಿ ಕೂತುಕೊಳ್ಳಿ.

ಹೆಜ್ಜೆ 7: ಕೊನೆಯ ದಿನ ಅಕಲ್

ಬಾಡ್‌ಮೇರ್ ರಸ್ತೆಯಲ್ಲಿ 17 ಕಿಲೋಮೀಟರ್ ಹೋದರೆ ಅಕಲ್ ಪಳೆಯುಳಿಕೆ ಉದ್ಯಾನ. ಸುಮಾರು 18 ಕೋಟಿ ವರ್ಷ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಯಲಿನಲ್ಲಿ ಬಿದ್ದಿವೆ, ಕಾಡುಪ್ರಾಣಿಗಳಿಂದಲ್ಲ ಜನರಿಂದ ಕಾಪಾಡಲು ಕಬ್ಬಿಣದ ಪಂಜರ ಹಾಕಿದ್ದಾರೆ. ಒಂದು ಕಾಲಕ್ಕೆ ಅಲ್ಲಿ ದಟ್ಟ ಕಾಡಿತ್ತು, ಮುಂದೆ ಸಮುದ್ರವೂ ಬಂದು ಹೋಯಿತು. ಅದರ ಸಾಕ್ಷಿ ಪೇಟೆಯಲ್ಲೇ ಮಾರಾಟಕ್ಕಿದೆ: ಹಬೂರ್ ಕಲ್ಲಿನ ಲೋಟ, ಬಟ್ಟಲು. ಇದರಲ್ಲಿ ಹೆಪ್ಪು ಹಾಕದೆಯೂ ಹಾಲು ಮೊಸರಾಗುತ್ತದೆ ಎಂದು ಅಂಗಡಿಯವರು ಬಣ್ಣಿಸುತ್ತಾರೆ. ಮೊಸರಿನ ಮಾತು ನಂಬಿ ದುಪ್ಪಟ್ಟು ಬೆಲೆ ಕೊಡಬೇಡಿ. ಕಲ್ಲನ್ನು ಬೆಳಕಿಗೆ ಹಿಡಿದು, ಕಡಲಜೀವಿಗಳ ಚಿಪ್ಪಿನ ಗುರುತು ಚೆನ್ನಾಗಿ ಮೂಡಿರುವುದನ್ನು ಆರಿಸಿ, ಚೌಕಾಸಿ ಮಾಡಿ ಕೊಳ್ಳಿ.