ಕಳೆದುಹೋದ ಯುದ್ಧ ಪದಕಕ್ಕೆ ಮನೆ ಹುಡುಕುವುದು: ನನ್ನ ಅನುಭವ

ಗಿರವಿ ಅಂಗಡಿಯ ಬೆಳ್ಳಿ ಡಬ್ಬಿ, ಗುಜರಿಯವರ ತಕ್ಕಡಿ, ಹಳೆ ನಾಣ್ಯ ಮಾರುವವರ ಟ್ರೇ. ನಾನು ಹುಡುಕಿ ಸೈನಿಕರ ಮನೆಯವರಿಗೆ ಮರಳಿಸುವ ಪದಕಗಳು ಸಿಗುವುದು ಹೆಚ್ಚಾಗಿ ಈ ಮೂರು ಕಡೆ. ಇವುಗಳಲ್ಲಿ ಅತಿ ಬೇಗ ನಾಶವಾಗುವುದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಅದು ಸ್ಟರ್ಲಿಂಗ್ ಬೆಳ್ಳಿಯದು, 36 ಮಿ.ಮೀ. ಅಗಲ, ಸುಮಾರು ಒಂದು ಔನ್ಸ್ ತೂಕ. ಬೆಳ್ಳಿ ದರ ಏರಿದಾಗಲೆಲ್ಲ ಮೂಸೆಗೆ ಬೀಳುತ್ತದೆ. ಅದರ ಜೊತೆಗೇ ಕೊಟ್ಟ ವಿಕ್ಟರಿ ಮೆಡಲ್ ಮತ್ತು 1914-15ರ ಸ್ಟಾರ್ ಕಂಚಿನವು, ಕರಗಿಸಿದರೆ ಏನೂ ಹುಟ್ಟುವುದಿಲ್ಲ, ಅದಕ್ಕೇ ಉಳಿದುಕೊಂಡಿವೆ. ಹಾಗಾಗಿ ಅಂಗಡಿಯಲ್ಲಿ ಬೆಳ್ಳಿಯದು ಕಂಡರೆ ನಾನು ಮೊದಲು ಅದನ್ನು ಬಿಡಿಸಿಕೊಳ್ಳುತ್ತೇನೆ, ವಿಚಾರಣೆ ಆಮೇಲೆ. ಅಂಗಡಿಯವರ ಮುಂದೆ ಯುದ್ಧದ ಕಥೆ ಹೇಳುವುದಿಲ್ಲ. ಹೇಳಿದರೆ ಆ ಪದಕದ ಬೆಲೆಯಷ್ಟೇ ಅಲ್ಲ, ಮುಂದೆ ಬರುವ ಎಲ್ಲ ಪದಕಗಳ ಬೆಲೆಯೂ ಏರುತ್ತದೆ. ತೂಕದ ಲೆಕ್ಕದಲ್ಲೇ ಮಾತಾಡಿ, ರಸೀದಿ ಪಡೆದು ಹೊರಡಬೇಕು.

ಪದಕ ಕೈಗೆ ಬಂದ ಮೇಲೆ ನೋಡಬೇಕಾದದ್ದು ಅದರ ಅಂಚು. ಮುಖದ ಮೇಲಿನ ರಾಜ, ಹಿಂದಿನ ಕುದುರೆ ಸವಾರ ಲಕ್ಷಾಂತರ ಪದಕಗಳಲ್ಲಿ ಒಂದೇ. ಅಂಚಿನ ಸುತ್ತ ಒತ್ತಿರುವ ಒಂದು ಸಾಲಿನಲ್ಲಿ ಸಂಖ್ಯೆ, ದರ್ಜೆ, ಹೆಸರು, ಪಡೆ ಇರುತ್ತದೆ. 1914-15ರ ಸ್ಟಾರ್‌ನಲ್ಲಿ ಇದೇ ವಿವರ ಹಿಂಬದಿಯಲ್ಲಿ ಸಾಲುಸಾಲಾಗಿರುತ್ತದೆ. ಸ್ವಾತಂತ್ರ್ಯಾನಂತರದ ಸೈನ್ಯ ಸೇವಾ, ರಕ್ಷಾ, ಸಂಗ್ರಾಮ್ ಮೆಡಲ್‌ಗಳಲ್ಲೂ ಅಂಚೇ ಆಧಾರ. ಎರಡನೇ ಮಹಾಯುದ್ಧದ ಪದಕಗಳಲ್ಲಿ ತೊಡಕಿದೆ: ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆಯೇ ಕೊಟ್ಟರು, ಭಾರತೀಯ ಸೈನಿಕರಿಗೆ ಕೊಟ್ಟವುಗಳಲ್ಲಿ ಹೆಸರಿರುವವು ಸಿಗುತ್ತವೆ. ಹೆಸರಿಲ್ಲದ ಬರ್ಮಾ ಸ್ಟಾರ್ ಒಂಟಿಯಾಗಿ ಸಿಕ್ಕರೆ, ಜೊತೆಗೆ ಡಬ್ಬಿಯೋ ಕಾಗದವೋ ಇಲ್ಲದಿದ್ದರೆ, ಅದರ ಮನೆ ಹುಡುಕಲಾಗದು. ಇದನ್ನು ತಂದುಕೊಟ್ಟವರಿಗೆ ಅಂದೇ ಹೇಳಿಬಿಡುವುದು ಒಳ್ಳೆಯದು.

ತೊಳೆಯುವ ಆಸೆ ಎಲ್ಲರಿಗೂ ಬರುತ್ತದೆ. ನಮ್ಮ ಮನೆಗಳಲ್ಲಿ ಬೆಳ್ಳಿ ಎಂದರೆ ಹುಣಸೆಹಣ್ಣು, ವಿಭೂತಿ, ಹಲ್ಲುಜ್ಜುವ ಪೇಸ್ಟ್. ಅಂಗಡಿಗೆ ಕೊಟ್ಟರೆ ಹೊಳಪು ಕೊಡುವ ಬಫ್ ಚಕ್ರ. ಈ ನಾಲ್ಕೂ ಅಂಚಿನ ಅಕ್ಷರಗಳನ್ನು ಸವೆಸುತ್ತವೆ. ಅಕ್ಷರದ ಆಳ ಕೂದಲೆಳೆಯಷ್ಟು, ವರ್ಷಕ್ಕೊಮ್ಮೆ ಹಬ್ಬಕ್ಕೆ ತಿಕ್ಕಿದ ಪದಕದಲ್ಲಿ ಸಂಖ್ಯೆಯ ಕೊನೆಯ ಅಂಕಿ ಮೊದಲು ಮಾಯವಾಗಿರುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಸೌಮ್ಯ ಸೋಪು ಹಾಕಿ ಮೆತ್ತನೆಯ ಬ್ರಷ್‌ನಿಂದ ಮಣ್ಣು ತೆಗೆದು, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು. ಕಪ್ಪು ಹಾಗೇ ಇರಲಿ. ಓದುವಾಗ ಅಕ್ಷರದ ಗುಂಡಿಯಲ್ಲಿ ಉಳಿದ ಕಪ್ಪೇ ಸಹಾಯಕ್ಕೆ ಬರುತ್ತದೆ. ರಿಬ್ಬನ್ ಇದ್ದರೆ ಅದಕ್ಕೆ ನೀರು ತಾಗಿಸಬೇಡಿ, ಬಣ್ಣ ಬಿಡುತ್ತದೆ.

ಓದುವುದಕ್ಕೆ ಕತ್ತಲೆ ಕೋಣೆ, ಚಿಕ್ಕ ಟಾರ್ಚ್, ಹತ್ತು ಪಟ್ಟು ಹಿಗ್ಗಿಸುವ ಲೂಪ್ ಬೇಕು. ಟಾರ್ಚನ್ನು ಮೇಲಿನಿಂದ ಹಿಡಿಯದೆ ಅಂಚಿಗೆ ಓರೆಯಾಗಿ, ಹೆಚ್ಚುಕಡಿಮೆ ಮಲಗಿಸಿ ಹಿಡಿದರೆ ಅಕ್ಷರದ ಗುಂಡಿಯಲ್ಲಿ ನೆರಳು ಬೀಳುತ್ತದೆ. ಪದಕವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಫೋನಿನಲ್ಲಿ ಎಂಟು ಫೋಟೊ ತೆಗೆಯುತ್ತೇನೆ, ಪ್ರತಿಯೊಂದರಲ್ಲೂ ಹಿಂದಿನದರ ಎರಡು ಅಕ್ಷರ ಬರುವಂತೆ. ಸವೆದಿದ್ದರೆ ತೆಳುವಾದ ಟಿಶ್ಯೂ ಕಾಗದವನ್ನು ಅಂಚಿಗೆ ಸುತ್ತಿ 2ಬಿ ಪೆನ್ಸಿಲ್‌ನಿಂದ ಹಗುರವಾಗಿ ಉಜ್ಜಿದರೆ ಕಣ್ಣಿಗೆ ಕಾಣದ್ದು ಕಾಗದದಲ್ಲಿ ಮೂಡುತ್ತದೆ. 3 ಮತ್ತು 8, 1 ಮತ್ತು 7, 6 ಮತ್ತು 0 ಅದಲುಬದಲಾಗುವುದು ಸಾಮಾನ್ಯ. ಅನುಮಾನವಿದ್ದರೆ ಎರಡೂ ಓದನ್ನು ಬರೆದಿಟ್ಟುಕೊಂಡು ಎರಡನ್ನೂ ಹುಡುಕಬೇಕು. ಒಂದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರೆ ಮುಂದೆ ಸಿಗುವ ಪುರಾವೆಯನ್ನೆಲ್ಲ ಅದಕ್ಕೇ ಹೊಂದಿಸುತ್ತಾ ಹೋಗುತ್ತೇವೆ.

ಇದೇ ಹಂತದಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ನಾಲ್ಕೈದು ಕಡೆ ಅಗಲ ಅಳೆಯಿರಿ. ಒಂದು ಕಡೆ ಅಗಲ ತಗ್ಗಿ, ಅಲ್ಲಿ ಅಂಚು ಚಪ್ಪಟೆಯಾಗಿದ್ದರೆ ಹಳೆಯ ಹೆಸರನ್ನು ಅರದಿಂದ ತೆಗೆದು ಬೇರೆ ಹೆಸರು ಕೆತ್ತಿದ್ದಾರೆ ಎಂದು ಅರ್ಥ. ಒತ್ತಿದ ಅಕ್ಷರ ಸಮನಾಗಿರುತ್ತದೆ, ಕೈಯಲ್ಲಿ ಕೆತ್ತಿದ್ದು ಲೂಪ್‌ನಲ್ಲಿ ಉಳಿಯ ಗೀಚಿನಂತೆ ಕಾಣುತ್ತದೆ. ಸಮವಸ್ತ್ರದ ಅಂಗಡಿಯವರು ಮಾಡಿಕೊಡುವ ‘ಟೈಲರ್ ಕಾಪಿ’ಗಳೂ ಬಹಳ ಇವೆ. ಅವು ಮೋಸವಲ್ಲ, ಮೂಲ ಕಳೆದುಕೊಂಡ ಸೈನಿಕರು ಪರೇಡಿಗಾಗಿ ಕೊಂಡದ್ದು. ಆದರೆ ಮನೆಯವರಿಗೆ ಕೊಡುವಾಗ ಅದನ್ನು ಮೂಲ ಪದಕ ಎಂದು ಹೇಳಬಾರದು.

ಈ ಕೆಲಸ ಮಾಡುವ ಎಲ್ಲರಿಗೂ ನಾನು ಹೇಳುವ ಒಂದೇ ಮಾತು: ಸಂಖ್ಯೆಯ ಹಿಂದೆ ಹೋಗಿ, ಹೆಸರಿನ ಹಿಂದೆ ಹೋಗಬೇಡಿ. ಪದಕದ ಮೇಲೆ ಮುನಿಸ್ವಾಮಿ ಎಂದಷ್ಟೇ ಇರುತ್ತದೆ, ತಂದೆಯ ಹೆಸರಿಲ್ಲ, ಊರಿಲ್ಲ. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಅದೇ ಹೆಸರು ನಾಲ್ಕು ದಾಖಲೆಯಲ್ಲಿ ನಾಲ್ಕು ರೀತಿ ಇರುತ್ತದೆ. ಮದ್ರಾಸ್ ಸ್ಯಾಪರ್ಸ್‌ನಂಥ (ಸೇನೆಯ ಎಂಜಿನಿಯರ್‌ಗಳ) ಪಡೆಯಲ್ಲಿ ಒಂದೇ ಹೆಸರಿನ ಎಷ್ಟೋ ಜನ ಇದ್ದರು. ಸಂಖ್ಯೆ ಹಾಗಲ್ಲ, ಒಂದು ಪಡೆಯೊಳಗೆ ಅದು ಒಬ್ಬನದೇ. ಆದರೆ ಹಳೆಯ ಕಾಲದ ಚಿಕ್ಕ ಸಂಖ್ಯೆಗಳು ಬೇರೆ ಬೇರೆ ಪಲ್ಟನ್‌ಗಳಲ್ಲಿ ಬೇರೆ ಬೇರೆಯವರಿಗೆ ಇರುತ್ತವೆ, ಆದ್ದರಿಂದ ಸಂಖ್ಯೆ ಮತ್ತು ಪಡೆ ಎರಡನ್ನೂ ಸೇರಿಸಿಯೇ ಹುಡುಕಬೇಕು. ಸ್ವಾತಂತ್ರ್ಯಾನಂತರದ ಏಳಂಕಿ ಸಂಖ್ಯೆಯಲ್ಲಿ ಮೊದಲೆರಡು ಅಂಕಿಯೇ ರೆಜಿಮೆಂಟ್ ಹೇಳುತ್ತದೆ: 25 ಎಂದರೆ ಮದ್ರಾಸ್ ರೆಜಿಮೆಂಟ್, 26 ಗ್ರೆನೇಡಿಯರ್ಸ್, 27 ಮರಾಠಾ ಲೈಟ್ ಇನ್‌ಫೆಂಟ್ರಿ. 1965ರಲ್ಲಿ ಪರಮವೀರ ಚಕ್ರ ಪಡೆದ ಗ್ರೆನೇಡಿಯರ್ ಅಬ್ದುಲ್ ಹಮೀದ್ ಅವರ ಸಂಖ್ಯೆ 2639885. ನಾಯಬ್ ಸುಬೇದಾರ್ ಆದ ಮೇಲೆ ಸೈನಿಕನಿಗೆ ‘ಜೆಸಿ’ ಎಂದು ಶುರುವಾಗುವ ಹೊಸ ಸಂಖ್ಯೆ ಬರುತ್ತದೆ. ಒಬ್ಬನದೇ ಎರಡು ಪದಕದಲ್ಲಿ ಎರಡು ಸಂಖ್ಯೆ ಕಂಡರೆ ಇಬ್ಬರೆಂದು ತಿಳಿಯಬೇಡಿ.

ಪಡೆಯ ಹೆಸರು ಇಂದು ಇಲ್ಲದೇ ಇರಬಹುದು. 1922ರಲ್ಲಿ ಭಾರತೀಯ ಪದಾತಿ ಪಡೆಗಳನ್ನೆಲ್ಲ ಮರುಜೋಡಿಸಿದರು. ಮೊದಲ ಮಹಾಯುದ್ಧದಲ್ಲಿ ಇರಾಕಿನ ಕೂತ್ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದ 110ನೇ ಮಹ್ರಟ್ಟಾ ಪಲ್ಟನ್ ಆಮೇಲೆ 5ನೇ ಮಹ್ರಟ್ಟಾ ಲೈಟ್ ಇನ್‌ಫೆಂಟ್ರಿಯ 3ನೇ ಬೆಟಾಲಿಯನ್ ಆಯಿತು, ಇಂದು ಅದು ಪ್ಯಾರಾಚೂಟ್ ರೆಜಿಮೆಂಟಿನ 2ನೇ ಬೆಟಾಲಿಯನ್. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಸ್ಮಾರಕವಿರುವ ಮದ್ರಾಸ್ ಪಯೊನಿಯರ್ಸ್ 1933ರಲ್ಲೇ ವಿಸರ್ಜನೆಯಾಯಿತು. 1ನೇ ಮೈಸೂರು ಇನ್‌ಫೆಂಟ್ರಿ ಇಂದು 18 ಮದ್ರಾಸ್. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದವರ ಜೊತೆ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಸ್ವಾತಂತ್ರ್ಯಾನಂತರ ಇತರ ಸಂಸ್ಥಾನಗಳ ಅಶ್ವದಳಗಳೊಂದಿಗೆ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಲ್ಯಾನ್ಸರ್ಸ್ ಮೈಸೂರು ದರ್ಬಾರಿನ ಪಡೆ. ಅದರ ಕಾಗದಪತ್ರಕ್ಕೆ ಬ್ರಿಟಿಷ್ ಕಡತಗಳಿಗಿಂತ ಮೊದಲು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸರ್ಕಾರದ ಮಿಲಿಟರಿ ಕಡತಗಳನ್ನು ನೋಡಬೇಕು.

ಸೈನಿಕ ಯುದ್ಧದಲ್ಲಿ ಮಡಿದಿದ್ದರೆ ದಾರಿ ಹತ್ತಿರ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತನ್ನ ಜಾಲತಾಣದಲ್ಲಿ ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿ ಇಟ್ಟಿದೆ. ಹೆಸರಿನ ಜಾಗ ಖಾಲಿ ಬಿಟ್ಟು ಸಂಖ್ಯೆ ಮಾತ್ರ ಹಾಕಿ, ಭಾರತೀಯ ಸೇನೆ ಎಂದು ಆರಿಸಿ ಹುಡುಕಿ. ‘ಹೆಚ್ಚಿನ ಮಾಹಿತಿ’ ಸಾಲಿನಲ್ಲಿ ತಂದೆಯ ಹೆಸರು, ಹಳ್ಳಿ, ತಾಲ್ಲೂಕು ಎಷ್ಟೋ ಸಲ ಸಿಗುತ್ತದೆ. ಊರಿನ ಹೆಸರು ಮಾತ್ರ ಅಂದಿನದು: ಕ್ಲೋಸ್‌ಪೇಟೆ ಎಂದರೆ ರಾಮನಗರ, ಫ್ರೆಂಚ್ ರಾಕ್ಸ್ ಎಂದರೆ ಪಾಂಡವಪುರ, ಫ್ರೇಸರ್‌ಪೇಟೆ ಎಂದರೆ ಕುಶಾಲನಗರ, ಚಿತಲ್‌ದ್ರುಗ್ ಎಂದರೆ ಚಿತ್ರದುರ್ಗ. ಜಿಲ್ಲೆಯೂ ಅಂದಿನದೇ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನಲ್ಲಿದ್ದವು, ಬೆಳಗಾವಿ, ಧಾರವಾಡ, ವಿಜಯಪುರ ಮುಂಬೈಯಲ್ಲಿ, ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿನಲ್ಲಿ. ಆ ಊರುಗಳ ಸೈನಿಕನ ಹಳೆಯ ಕಾಗದವನ್ನು ಬೆಂಗಳೂರಿನಲ್ಲಿ ಹುಡುಕಿದರೆ ಸಮಯ ವ್ಯರ್ಥ.

ಮೊದಲ ಯುದ್ಧದಲ್ಲಿ ಮಡಿದವರ ಮನೆಗೆ ಕಳಿಸಿದ ಕಂಚಿನ ಸ್ಮಾರಕ ಫಲಕವೂ ಆಗಾಗ ಸಿಗುತ್ತದೆ. 120 ಮಿ.ಮೀ. ಅಗಲದ ಆ ಬಿಲ್ಲೆಯ ಮೇಲೆ ಹೆಸರೊಂದೇ, ಸಂಖ್ಯೆ, ದರ್ಜೆ, ಪಡೆ ಯಾವುದೂ ಇಲ್ಲ. ಅದೇ ಮನೆಯ ಬೇರೆ ವಸ್ತು ಜೊತೆಗಿಲ್ಲದಿದ್ದರೆ ಅದನ್ನು ಒಬ್ಬರದೇ ಎಂದು ಸಾಬೀತು ಮಾಡುವುದು ಬಹಳ ಕಷ್ಟ. ಬೆಂಗಳೂರಿನ ಸುತ್ತಲಿನ ಕೆಲವು ಹಳೆ ಹಳ್ಳಿಗಳಲ್ಲಿ ‘ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು’ ಎಂಬ ಕಲ್ಲುಗಳಿವೆ, ಅವುಗಳಲ್ಲಿ ಎಣಿಕೆ ಇದೆ, ಹೆಸರಿಲ್ಲ.

ಬದುಕಿ ಹಿಂದಿರುಗಿದವರನ್ನು ಹುಡುಕುವುದೇ ನಿಜವಾದ ಕಷ್ಟ, ಪದಕಗಳಲ್ಲಿ ಬಹುಪಾಲು ಅವರವೇ. ಪಂಜಾಬಿನವರಿಗೆ ಒಂದು ಭಾಗ್ಯವಿದೆ: ಮೊದಲ ಯುದ್ಧಕ್ಕೆ ಹೋದವರ ಹಳ್ಳಿವಾರು ರಿಜಿಸ್ಟರುಗಳು ಲಾಹೋರ್ ಮ್ಯೂಸಿಯಂನಲ್ಲಿ ಉಳಿದು, 2021ರಿಂದ ಅಂತರ್ಜಾಲದಲ್ಲಿ ಸಿಗುತ್ತಿವೆ. ಬೆಂಗಳೂರು ಕಂಟೋನ್ಮೆಂಟಿನಲ್ಲಿ ಸಿಕ್ಕ ಸಿಖ್ ಅಥವಾ ಪಂಜಾಬಿ ಮುಸ್ಲಿಂ ಸೈನಿಕನ ಪದಕಕ್ಕೆ ಅದೇ ಮೊದಲ ಬಾಗಿಲು, ಮನೆ ಇಂದು ಗಡಿಯಾಚೆ ಇದ್ದರೂ. ನಮ್ಮ ಕಡೆಯವರಿಗೆ ಅಂಥ ಪಟ್ಟಿಯನ್ನು ನಾನು ಕಂಡಿಲ್ಲ. 1947ರ ನಂತರವೂ ಸೇವೆಯಲ್ಲಿದ್ದವರಾದರೆ ಆಯಾ ಪಡೆಯ ರೆಕಾರ್ಡ್ ಆಫೀಸಿಗೆ ಬರೆಯಬೇಕು: ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಮರಾಠಾಕ್ಕೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್‌ಗೆ ನೀಲಗಿರಿಯ ವೆಲ್ಲಿಂಗ್ಟನ್, ಆರ್ಟಿಲರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್ಪುರ. ವಿಳಾಸ ಕೊಡಿ ಎಂದು ಕೇಳಿದರೆ ಅಪರಿಚಿತರಿಗೆ ಕೊಡುವುದಿಲ್ಲ, ಕೊಡಲೂಬಾರದು. ನಾನು ಕುಟುಂಬದವರ ಹೆಸರಿಗೆ ಒಂದು ಪತ್ರ ಬರೆದು, ಅಂಚೆಚೀಟಿ ಅಂಟಿಸಿದ ಲಕೋಟೆಯಲ್ಲಿಟ್ಟು, ‘ದಯವಿಟ್ಟು ಇದನ್ನು ತಲುಪಿಸಿ’ ಎಂಬ ಕೋರಿಕೆಯೊಂದಿಗೆ ಕಳಿಸುತ್ತೇನೆ. ಅದೇ ಪತ್ರದ ಇನ್ನೊಂದು ಪ್ರತಿ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ. ಮಾಹಿತಿ ಹಕ್ಕಿನ ಅರ್ಜಿಯಿಂದ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಸಹಾಯ ಮಾಡಬಲ್ಲ ಗುಮಾಸ್ತರು ಅರ್ಜಿ ನೋಡಿದ ಕೂಡಲೇ ನಿಯಮದ ಭಾಷೆಗೆ ಹೋಗಿಬಿಡುತ್ತಾರೆ.

ಕೊಡಗಿನ ಸೈನಿಕನಾದರೆ ಇನಿಷಿಯಲ್‌ಗಳೇ ಅರ್ಧ ವಿಳಾಸ. ಕೆ.ಎಂ. ಕಾರ್ಯಪ್ಪ ಎಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ: ಮೊದಲ ಅಕ್ಷರ ಒಕ್ಕದ್ದು (ಮನೆತನದ್ದು), ಎರಡನೆಯದು ತಂದೆಯದು. ಒಕ್ಕ ಗೊತ್ತಾದರೆ ಅದರ ಮೂಲ ಮನೆಯಾದ ಐನ್‌ಮನೆ ಗೊತ್ತಾದಂತೆ, ಅಲ್ಲಿನ ಹಿರಿಯರಿಗೆ ನಾಲ್ಕು ತಲೆಮಾರಿನ ಹೆಸರು ಬಾಯಲ್ಲೇ ಇರುತ್ತದೆ. ಒಂದೇ ಅಕ್ಷರದಿಂದ ಶುರುವಾಗುವ ಒಕ್ಕಗಳು ಹಲವಾದ್ದರಿಂದ ಕೊಡವ ಸಮಾಜದವರ ಬಳಿ ಪಟ್ಟಿ ಹಿಡಿದು ಕೂರಬೇಕು. ಒಕ್ಕಗಳೆಲ್ಲ ಒಂದೆಡೆ ಸೇರುವ ಕೌಟುಂಬಿಕ ಹಾಕಿ ಹಬ್ಬದ ಮೈದಾನಕ್ಕಿಂತ ಒಳ್ಳೆಯ ಜಾಗ ಇದಕ್ಕಿಲ್ಲ.

ಬಯಲುಸೀಮೆಯಲ್ಲಿ ಮನೆತನದ ಹೆಸರು ನೆರವಿಗೆ ಬರುವುದು ಕಡಿಮೆ. ಹಳ್ಳಿ ಗೊತ್ತಾದ ಮೇಲೆ ಮೊದಲು ಅಂಚೆಯವರನ್ನು, ಆಮೇಲೆ ಮಾಜಿ ಸೈನಿಕರ ಸಂಘದವರನ್ನು, ಆಮೇಲೆ ಗ್ರಾಮ ಆಡಳಿತಾಧಿಕಾರಿಯನ್ನು (ಹಿಂದಿನ ಗ್ರಾಮ ಲೆಕ್ಕಿಗರು) ಕಾಣುತ್ತೇನೆ. ಊರಿನಲ್ಲಿ ‘ಮಿಲಿಟ್ರಿಯೋರ ಮನೆ’, ‘ಜಮಾದಾರ್ರ ಮನೆ’ ಎಂದು ಕರೆಸಿಕೊಳ್ಳುವ ಮನೆ ಇರುತ್ತದೆ, ಹೆಸರಿಟ್ಟ ಕಾರಣ ಈಗಿನವರಿಗೆ ಮರೆತಿದ್ದರೂ. ಸೈನಿಕನೆಂದು ಜಮೀನು ಮಂಜೂರಾಗಿದ್ದರೆ ಹಳೆಯ ಪಹಣಿ, ಮ್ಯುಟೇಶನ್ ಪುಸ್ತಕದಲ್ಲಿ ಗುರುತು ಸಿಗಬಹುದು.

ಮನೆ ಸಿಕ್ಕಿತು ಎನಿಸಿದಾಗ ಆತುರ ಬೇಡ. ‘ನಿಮ್ಮ ತಾತ ಬಸ್ರಾಕ್ಕೆ ಹೋಗಿದ್ದರಾ?’ ಎಂದು ಕೇಳಿದರೆ ಯಾರಾದರೂ ಹೌದು ಎನ್ನುತ್ತಾರೆ. ‘ನಿಮ್ಮ ಮನೆಯಲ್ಲಿ ಯಾರು ಮಿಲಿಟರಿಯಲ್ಲಿದ್ದರು, ಎಲ್ಲಿಗೆ ಹೋಗಿದ್ದರು, ಹೇಳಿ ಅಜ್ಜಿ’ ಎಂದು ಕೇಳಿ ಸುಮ್ಮನೆ ಕೇಳಿಸಿಕೊಳ್ಳಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಕೊಡುವುದಾದರೆ ಪೂರ್ತಿ ಸಂಖ್ಯೆ ಹಾಕಬಾರದು, ಅಂಚಿನ ಫೋಟೊ ಅಂತೂ ಬೇಡವೇ ಬೇಡ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪುಸ್ತಕ, ಹಳೆ ಮನಿಆರ್ಡರ್ ಚೀಟಿ, ಯಾವುದಾದರೂ ಒಂದು ಕಾಗದದಲ್ಲಿ ಅದೇ ಸಂಖ್ಯೆ ಕಂಡರೆ ಹುಡುಕಾಟ ಮುಗಿಯಿತು. ಕಾಗದವಿಲ್ಲದಿದ್ದರೆ ತಂದೆಯ ಹೆಸರು, ಊರು, ಪಡೆ, ಮೂರೂ ಬೇರೆ ಬೇರೆ ಮೂಲದಿಂದ ಹೊಂದಬೇಕು. ಎರಡೇ ಹೊಂದಿದರೆ ನಾನು ಪದಕ ಕೊಡುವುದಿಲ್ಲ, ಅವರ ಹೆಸರು ಬರೆದುಕೊಂಡು ಕಾಯುತ್ತೇನೆ. ಪದಕ ಮನೆಯಿಂದ ಹೊರಗೆ ಹೋದದ್ದು ಹೇಗೆ ಎಂದು ಮಾತ್ರ ಕೇಳಬಾರದು. ಬರಗಾಲದಲ್ಲೋ ಮದುವೆ ಸಾಲಕ್ಕೋ ಗಿರವಿ ಇಟ್ಟಿರುತ್ತಾರೆ, ಆ ನೋವನ್ನು ಕೆದಕುವ ಹಕ್ಕು ನಮಗಿಲ್ಲ.

ಒಬ್ಬ ಸೈನಿಕನಿಗೆ ಐದು ಮಕ್ಕಳಿದ್ದರೆ ಪದಕ ಯಾರಿಗೆ ಎಂಬ ಪ್ರಶ್ನೆ ಬರುತ್ತದೆ. ನಾಡಕಚೇರಿಯ ವಂಶವೃಕ್ಷ ತರಿಸಿಕೊಂಡು, ಎಲ್ಲ ಕವಲಿನವರೂ ಕೂತು ತೀರ್ಮಾನಿಸಲಿ ಎಂದು ಬಿಡುತ್ತೇನೆ. ಅವರೆಲ್ಲರ ಸಹಿ ಇರುವ ಒಂದು ಹಾಳೆಯ ಪತ್ರ, ಅದರ ಮೇಲೆ ಪದಕದ ಎರಡು ಬದಿಯ ಮತ್ತು ಅಂಚಿನ ಫೋಟೊ, ಪ್ರತಿ ಕವಲಿಗೂ ಒಂದೊಂದು ಪ್ರತಿ. ಕುಟುಂಬ ಹೊರದೇಶದಲ್ಲಿದ್ದರೆ ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವಂತಿಲ್ಲ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯಿದೆ ಅನ್ವಯವಾಗುತ್ತದೆ, ಮೊದಲ ಯುದ್ಧದ ಪದಕಗಳು ಈಗ ಆ ವಯಸ್ಸಿಗೆ ಬಂದಿವೆ. ಸಾಗಿಸುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿಯೇ ಮುಂದುವರಿಯಬೇಕು.

ಕೊಡುವಾಗ ಇಟ್ಟುಕೊಳ್ಳುವ ಬಗೆಯನ್ನೂ ಹೇಳಿ ಕೊಡಿ. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಂಚು ಹಸಿರುಗಟ್ಟುತ್ತದೆ, ರಬ್ಬರ್ ಬ್ಯಾಂಡ್ ತಾಗಿದ ಬೆಳ್ಳಿ ಅಲ್ಲೇ ಕಪ್ಪಾಗುತ್ತದೆ. ಒಗೆದು ಗಂಜಿ ತೆಗೆದ ಬಿಳಿ ಹತ್ತಿ ಬಟ್ಟೆ, ಮೇಲೆ ಗಟ್ಟಿ ಡಬ್ಬಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಸಾಕು. ಮಳೆಗಾಲ ಮುಗಿದ ಮೇಲೆ ಪೊಟ್ಟಣ ಬದಲಿಸಬೇಕು. ಸರಕ್ಕೆ ಹಾಕಿಸಲು ಅಕ್ಕಸಾಲಿಗರ ಬಳಿ ಬೆಸುಗೆ ಹಾಕಿಸಬೇಡಿ, ದೇವರ ಕೋಣೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚುವುದಾದರೆ ಡಬ್ಬಿಯ ಮುಚ್ಚಳಕ್ಕೆ ಹಚ್ಚಿ ಎಂದು ಹೇಳುತ್ತೇನೆ. ಅದಕ್ಕೆ ಬೇಡ ಎಂದವರನ್ನು ನಾನು ಕಂಡಿಲ್ಲ.