ಖರ್ಚಿನ ಪುಟವನ್ನು ಗೆಳತಿಯರ ಮುಂದಿಟ್ಟ ಮೇಲೆ

ಪ್ರತಿ ತಿಂಗಳ ಮೊದಲ ಭಾನುವಾರ ರಾತ್ರಿ, ಊಟದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ ಮೇಲೆ, ಹಿಂದಿನ ತಿಂಗಳ ಖರ್ಚನ್ನು ಬರೆದ ಪುಟದ ಚಿತ್ರ ತೆಗೆದು ಆರು ಮಂದಿ ಗೆಳತಿಯರಿಗೆ ವಾಟ್ಸಾಪ್‌ನಲ್ಲಿ ಕಳುಹಿಸುತ್ತೇನೆ. ಅವರೂ ತಮ್ಮ ತಮ್ಮ ಪುಟಗಳನ್ನು ಕಳುಹಿಸುತ್ತಾರೆ. ಒಬ್ಬರು ಧಾರವಾಡದವರು, ಒಬ್ಬರು ಕುಂದಾಪುರದವರು, ಒಬ್ಬರು ಕಲಬುರಗಿಯವರು. ಇಬ್ಬರು ಬೆಂಗಳೂರಿನಲ್ಲಿದ್ದಾರೆ, ಒಬ್ಬಾಕೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ನಾನು ಶಿವಮೊಗ್ಗದವಳು. 2020ರ ಲಾಕ್‌ಡೌನ್ ದಿನಗಳಲ್ಲಿ ಪೇಟೆಗೆ ಹೋಗಲಾಗದೆ ಮನೆಯಲ್ಲಿದ್ದುದರಲ್ಲಿಯೇ ಏನು ಅಡುಗೆ ಮಾಡಬಹುದೆಂದು ಕೇಳುತ್ತಾ ಹೇಳುತ್ತಾ, ಪರಿಚಯದವರ ಪರಿಚಯದಿಂದ ಒಂದುಗೂಡಿದ ನಾವು ಇಂದಿಗೂ ಬಿಟ್ಟಿಲ್ಲ. ಈ ಆರು ಮಂದಿಯಲ್ಲಿ ನಾನು ಎದುರಿಗೆ ಕೂತು ಮಾತನಾಡಿರುವುದು ಇಬ್ಬರೊಂದಿಗೆ ಮಾತ್ರ.

ಲೆಕ್ಕ ಬರೆಯುವ ಅಭ್ಯಾಸ ನನಗೆ ಮದುವೆಯಾದಾಗಿನಿಂದಲೂ ಇತ್ತು. ಆದರೆ ಅದನ್ನು ಇನ್ನೊಬ್ಬರಿಗೆ ತೋರಿಸುವುದೆಂದರೆ ಮನೆಯ ಗುಟ್ಟನ್ನು ರಟ್ಟು ಮಾಡಿದಂತೆ ಎಂಬ ಭಾವನೆಯಲ್ಲಿಯೇ ನಾನು ಬೆಳೆದವಳು. ಯಾರಾದರೂ ಕೇಳಿದರೆ ‘ಹೇಗೋ ನಡೀತಿದೆ’ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಆ ‘ಹೇಗೋ’ ಎಂಬ ಮಾತಿನ ಮರೆಯಲ್ಲಿ ಎಷ್ಟು ಹಣ ಸೋರಿಹೋಗುತ್ತಿತ್ತೆಂದು ನನಗೆ ಮೊದಲು ಗೊತ್ತಾದದ್ದು ಗ್ಯಾಸ್ ಸಿಲಿಂಡರಿನಿಂದ.

ನಮ್ಮ ಮನೆಯಲ್ಲಿ ಐದು ಜನ: ನಾವಿಬ್ಬರು, ಅತ್ತೆಯವರು, ಮಗಳು, ಮಗ. 14.2 ಕೆ.ಜಿ.ಯ ಒಂದು ಸಿಲಿಂಡರ್ ನಮಗೆ ಮೂವತ್ತು ದಿನ ಬರುತ್ತಿತ್ತು, ಅಷ್ಟೇ ಬರುವುದು ಸಹಜವೆಂದು ನಾನು ನಂಬಿದ್ದೆ. ಅಷ್ಟೇ ಜನರಿರುವ, ಜೊತೆಗೆ ದಿನವೂ ರೊಟ್ಟಿ ಬಡಿಯುವ ಧಾರವಾಡದ ಗೆಳತಿಯ ಮನೆಯಲ್ಲಿ ಅದೇ ಸಿಲಿಂಡರ್ ನಲವತ್ತನಾಲ್ಕು ದಿನ ಬರುತ್ತದೆಂದು ಆಕೆಯ ಪುಟದಲ್ಲಿ ಕಂಡಾಗ, ಮೊದಲು ಆಕೆ ತಪ್ಪು ಬರೆದಿದ್ದಾರೆ ಎಂದುಕೊಂಡೆ. ಆಕೆ ನನ್ನ ಒಂದು ದಿನದ ಅಡುಗೆಯನ್ನು ಬೆಳಗಿನಿಂದ ರಾತ್ರಿಯವರೆಗೆ ಒಂದೊಂದಾಗಿ ಬರೆದು ಕಳುಹಿಸಲು ಹೇಳಿದರು. ಬರೆಯುತ್ತಿದ್ದಂತೆ ನನಗೇ ಕಾಣತೊಡಗಿತು. ಬೇಳೆಯನ್ನು ನೆನೆಸದೆ ಬೇಯಿಸುತ್ತಿದ್ದೆ; ಅನ್ನಕ್ಕೊಮ್ಮೆ, ಬೇಳೆಗೊಮ್ಮೆ, ಪಲ್ಯದ ತರಕಾರಿಗೊಮ್ಮೆ ಕುಕ್ಕರ್ ಇಡುತ್ತಿದ್ದೆ; ಸಣ್ಣ ಪಾತ್ರೆಯನ್ನು ದೊಡ್ಡ ಒಲೆಯ ಮೇಲಿಟ್ಟು ಉರಿ ಪಕ್ಕದಿಂದ ಮೇಲೆದ್ದು ಹೋಗುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ನೀರು ಒಮ್ಮೆ ಕುದಿಯಲು ಆರಂಭಿಸಿತೆಂದರೆ ಉರಿ ಎಷ್ಟೇ ಜೋರು ಮಾಡಿದರೂ ಅದರ ಬಿಸಿ ಹೆಚ್ಚುವುದಿಲ್ಲ, ನೀರು ಬೇಗ ಆವಿಯಾಗುತ್ತದೆ ಅಷ್ಟೇ ಎಂಬುದು ಶಾಲೆಯಲ್ಲಿ ಓದಿದ್ದ ಪಾಠ. ಅದು ಒಲೆಯ ಮುಂದೆ ನೆನಪಾಗಿರಲಿಲ್ಲ.

ಈಗ ಬೆಳಿಗ್ಗೆ ಎದ್ದ ಕೂಡಲೇ ಅಕ್ಕಿಯನ್ನೂ ತೊಗರಿ ಬೇಳೆಯನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ನೆನೆಹಾಕಿ, ತಿಂಡಿಯ ಕೆಲಸ ಮುಗಿಯುವ ಹೊತ್ತಿಗೆ ಎರಡನ್ನೂ ಒಂದೇ ಕುಕ್ಕರಿನಲ್ಲಿ ಒಂದರ ಮೇಲೊಂದಿಟ್ಟು, ಮೊದಲ ಸೀಟಿಯಾದ ಮೇಲೆ ಉರಿ ಸಣ್ಣ ಮಾಡುತ್ತೇನೆ. ಕಡಲೆ, ಹುರುಳಿ, ಅಲಸಂದೆಗಳನ್ನು ರಾತ್ರಿಯೇ ನೆನೆಸುತ್ತೇನೆ. ಹೊಸ ಸಿಲಿಂಡರ್ ಹಚ್ಚಿದ ದಿನ ಅದರ ಮೈಮೇಲೆ ಸೀಮೆಸುಣ್ಣದಲ್ಲಿ ದಿನಾಂಕ ಬರೆಯುವುದನ್ನು ಮಗನಿಗೆ ವಹಿಸಿದ್ದೇನೆ. ಮೂರು ಸಿಲಿಂಡರ್ ಮುಗಿಯುವಷ್ಟರಲ್ಲಿ ನಮ್ಮ ಲೆಕ್ಕ ನಲವತ್ತೊಂದು ದಿನಕ್ಕೆ ಬಂದು ನಿಂತಿತು. ಧಾರವಾಡದವರನ್ನು ಹಿಂದಿಕ್ಕಲು ಇನ್ನೂ ಆಗಿಲ್ಲ.

ಕರೆಂಟಿನ ವಿಷಯವೂ ಹೀಗೆಯೇ ಬೆಳಕಿಗೆ ಬಂತು. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆಯಾಗಿ ನಾನು ಮೀಟರ್ ನೋಡುವುದನ್ನೇ ಬಿಟ್ಟಿದ್ದೆ. ಇನ್ನೂರು ಯೂನಿಟ್‌ವರೆಗೆ ಉಚಿತವೆಂದು ಹೇಳಿದರೂ, ನಮ್ಮಂಥ ಮನೆಗೆ ಸಿಗುವುದು 2022-23ನೇ ಸಾಲಿನ ತಿಂಗಳ ಸರಾಸರಿ ಬಳಕೆಗೆ ಹತ್ತು ಶೇಕಡಾ ಸೇರಿಸಿದಷ್ಟು ಮಾತ್ರ; ಅದನ್ನು ದಾಟಿದರೆ ಹೆಚ್ಚಿನ ಯೂನಿಟ್‌ಗಳಿಗೆ ಹಣ ಕಟ್ಟಬೇಕು, ಇನ್ನೂರನ್ನೇ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ನಮ್ಮ ಸರಾಸರಿ 92 ಯೂನಿಟ್ ಇದ್ದುದರಿಂದ ನಮಗೆ ಸಲ್ಲುವುದು 101. ಒಂದು ಮಳೆಗಾಲದ ತಿಂಗಳಲ್ಲಿ 131 ಯೂನಿಟ್ ಬಂದಾಗ, ಬೆಂಗಳೂರಿನ ಗೆಳತಿಯೊಬ್ಬರು ಫ್ರಿಡ್ಜು, ಫ್ಯಾನುಗಳನ್ನು ಬಿಟ್ಟು ನೇರವಾಗಿ ಗೀಸರಿನ ಬಗ್ಗೆ ಕೇಳಿದರು. ಎರಡು ಸಾವಿರ ವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ ತಿನ್ನಬೇಕಾದರೆ ನೂರು ಗಂಟೆಗೂ ಹೆಚ್ಚು ಉರಿಯಬೇಕು. ನಾನು ಮಕ್ಕಳ ಹಿಂದೆ ಬಿದ್ದು ಬಲ್ಬು ಆರಿಸುತ್ತಿದ್ದೆ, ಗೀಸರ್ ಮಾತ್ರ ಮೊದಲಿನವರ ಸ್ನಾನದಿಂದ ಕೊನೆಯವರ ಸ್ನಾನದವರೆಗೂ ಹಾಗೆಯೇ ಇರುತ್ತಿತ್ತು. ತವರಿನಲ್ಲಿ ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುವಾಗ ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವ ಕ್ರಮವಿತ್ತು. ಅದನ್ನೇ ಇಲ್ಲಿಯೂ ತಂದೆವು. ಮುಂದಿನ ತಿಂಗಳು 99 ಯೂನಿಟ್ ಆಯಿತು.

ಇಷ್ಟು ಬರೆದ ಮೇಲೆ ನಾನು ಕೈ ಸುಟ್ಟುಕೊಂಡದ್ದನ್ನೂ ಬರೆಯಬೇಕು. ಒಂದು ವರ್ಷ ಸಗಟು ದರಕ್ಕೆ ಸಿಗುತ್ತದೆಂಬ ಆಸೆಗೆ ಮೇ ತಿಂಗಳ ಕೊನೆಯಲ್ಲಿ ಹತ್ತು ಕೆ.ಜಿ. ತೊಗರಿ ಬೇಳೆ, ಐದು ಕೆ.ಜಿ. ರವೆ ತಂದು ಡಬ್ಬಿಗಳಿಗೆ ತುಂಬಿದೆ. ನಮ್ಮ ಕಡೆ ಮಳೆ ಹಿಡಿಯಿತೆಂದರೆ ಗೋಡೆಯೇ ಬೆವರುತ್ತದೆ. ಜುಲೈ ಮುಗಿಯುವ ಮೊದಲೇ ರವೆಯೆಲ್ಲ ಹುಳುವಾಗಿ ಗಂಟು ಕಟ್ಟಿತ್ತು, ಬೇಳೆಯಲ್ಲಿ ಅರ್ಧದಷ್ಟು ಹಾಳಾಗಿತ್ತು. ಆ ತಿಂಗಳ ಪುಟದಲ್ಲಿ ಇದನ್ನು ಬರೆಯದೆ ಬಿಡೋಣವೆಂದು ಒಂದು ಕ್ಷಣ ಅನಿಸಿದ್ದು ನಿಜ. ಬರೆದೆ. ಕಲಬುರಗಿಯ ಗೆಳತಿ ಅದೇ ರಾತ್ರಿ ಫೋನ್ ಮಾಡಿ, ಬೇಳೆಯನ್ನು ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ಕೆ.ಜಿ.ಗೆ ಒಂದು ಸಣ್ಣ ಚಮಚದ ಲೆಕ್ಕದಲ್ಲಿ ಹರಳೆಣ್ಣೆ ಸವರಿ, ಒಣ ಬೇವಿನ ಎಲೆ ಹಾಕಿ ಕಟ್ಟಿಡುವ ತಮ್ಮ ಮನೆಯ ಪದ್ಧತಿಯನ್ನು ಬಿಡಿಸಿ ಹೇಳಿದರು. ಅಂದಿನಿಂದ ಬೇಳೆ ಕೆಟ್ಟಿಲ್ಲ; ರವೆಯನ್ನು ಮಳೆಗಾಲದಲ್ಲಿ ಒಂದು ಕೆ.ಜಿ.ಗಿಂತ ಹೆಚ್ಚು ತರುವುದಿಲ್ಲ, ತಂದ ದಿನವೇ ಹುರಿದಿಡುತ್ತೇನೆ.

ಮರುವರ್ಷ ಆಕೆ ಸುಗ್ಗಿ ಮುಗಿಯುತ್ತಿದ್ದಂತೆ ಹೊಸ ಬೇಳೆಯನ್ನೇ ನಮಗೆಲ್ಲ ಕಳುಹಿಸಿದರು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಆ ಪ್ರದೇಶದ್ದೇ ವಿಶೇಷವೆಂಬ, ಮಾನ್ಯತೆ ಸಿಕ್ಕಿದೆ. ಅದರ ರುಚಿಯನ್ನು ನಮ್ಮ ಮನೆಯ ಸಾರಿನಲ್ಲಿ ಎಲ್ಲರೂ ಗುರುತಿಸಿದರು. ಆದರೆ ಪಾರ್ಸೆಲ್ ಖರ್ಚನ್ನು ಸೇರಿಸಿದಾಗ ಉಳಿತಾಯವೆಂಬುದು ಏನೂ ಇರಲಿಲ್ಲ. ರುಚಿಗಾಗಿ ತರಿಸಿಕೊಳ್ಳುವುದಾದರೆ ತರಿಸಿಕೊಳ್ಳಬೇಕು, ಉಳಿತಾಯವೆಂಬ ಹೆಸರಿನಲ್ಲಿ ಅಲ್ಲ ಎಂದು ನಾವು ನಾವೇ ಒಪ್ಪಿಕೊಂಡೆವು.

ನಮ್ಮ ಮಾತುಕತೆಯಲ್ಲಿ ಅಡುಗೆಯದೇ ಹೆಚ್ಚಿನ ಪಾಲು. ಹೀರೇಕಾಯಿ ಸಿಪ್ಪೆಯ ಚಟ್ನಿ ನನಗೆ ತಾಯಿಯಿಂದ ಬಂದದ್ದು. ಕಲ್ಲಂಗಡಿ ಹಣ್ಣಿನ ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ನೆನೆಸಿದ ಅಕ್ಕಿಯೊಂದಿಗೆ ರುಬ್ಬಿ ದೋಸೆ ಹುಯ್ಯಬಹುದೆಂದು ಕುಂದಾಪುರದವರು ಹೇಳುವವರೆಗೂ ನಾನು ಅದನ್ನು ದನಕ್ಕೇ ಹಾಕಿಸುತ್ತಿದ್ದೆ. 2024ರ ಜೂನ್‌ನಲ್ಲಿ ನಂದಿನಿಯ ಅರ್ಧ ಲೀಟರ್ ಪೊಟ್ಟಣ 550 ಮಿಲಿಲೀಟರ್ ಆಗಿ ಬೆಲೆ ಎರಡು ರೂಪಾಯಿ ಏರಿದಾಗ, ಹೆಚ್ಚು ಬಂದ ಹಾಲನ್ನು ಕಾಫಿಗೆ ಸುರಿಯದೆ ಹೆಪ್ಪು ಹಾಕಿ, ಕೊಳ್ಳುವ ಮೊಸರಿನ ಪೊಟ್ಟಣಗಳನ್ನು ಕಡಿಮೆ ಮಾಡುವ ಉಪಾಯವನ್ನು ಹೇಳಿದ್ದು ಬೆಂಗಳೂರಿನ ಇನ್ನೊಬ್ಬ ಗೆಳತಿ. ಸ್ಟುಟ್‌ಗಾರ್ಟ್‌ನಾಕೆಯ ಊರಿನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಒಮ್ಮೆ ಮಾತ್ರ ಬಳಸುವ ಪ್ಲಾಸ್ಟಿಕ್ ಬಾಟಲಿಯನ್ನು ಖಾಲಿಯಾದ ಮೇಲೆ ಹಿಂದಿರುಗಿಸಿದರೆ ತಲಾ 25 ಸೆಂಟ್ ವಾಪಸ್ ಸಿಗುತ್ತದೆ. ಆದ್ದರಿಂದ ಆಕೆ ಶನಿವಾರವೇ ವಾರವಿಡೀ ಏನು ಅಡುಗೆಯೆಂದು ಬರೆದುಕೊಂಡು, ಬಾಟಲಿಗಳ ಚೀಲ ಹಿಡಿದು ಒಂದೇ ಸಲ ಪೇಟೆಗೆ ಹೋಗುತ್ತಾಳೆ. ಆಕೆಯನ್ನು ನೋಡಿ ನಾನೂ ವಾರದ ಅಡುಗೆಯನ್ನು ಮೊದಲೇ ಬರೆಯಲು ಕಲಿತೆ. ತರಕಾರಿ ಕೊಳೆಯುವುದು ನಿಂತದ್ದು ಅದರಿಂದಲೇ.

ಆದರೆ ಮನೆಯ ಬದುಕನ್ನು ಹಂಚಿಕೊಳ್ಳುವಾಗ ಅದು ನನ್ನೊಬ್ಬಳ ಬದುಕಲ್ಲ ಎಂಬುದನ್ನು ನಾನು ಕಲಿತದ್ದು ತಡವಾಗಿ. ಧಾರವಾಡದ ಗೆಳತಿ ತಮ್ಮ ತಾಯಿ ಹೊಲಿದ ಕೌದಿಯನ್ನು ತೋರಿಸಿ, ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ಹಾಸಿ ಅಂಚಿನಿಂದ ಒಳಮುಖವಾಗಿ ಹೊಲಿಗೆ ಹಾಕುತ್ತಾ ಹೋಗುವ ಕ್ರಮವನ್ನು ಕಲಿಸಿದ್ದರು. ಅತ್ತೆಯವರ ಐದು ಹಳೆಯ ಸೀರೆಗಳನ್ನು ಜಗಲಿಯ ಮೇಲೆ ಹರವಿ ಚಿತ್ರ ತೆಗೆದು, ಅವರನ್ನು ಕೇಳದೆಯೇ ಕಳುಹಿಸಿಬಿಟ್ಟೆ. ಗೆಳತಿಯರ ಮೆಚ್ಚುಗೆಯ ಮಾತುಗಳನ್ನು ಸಂತೋಷದಿಂದ ಅವರಿಗೆ ಓದಿ ಹೇಳಿದಾಗ ಅವರು, “ನನ್ನ ಹರಕು ಸೀರೇನ ಊರಿಗೆಲ್ಲ ತೋರಿಸಿದ್ಯಾ?” ಎಂದರು. ಅದರಲ್ಲೊಂದು ನಮ್ಮ ಮಾವನವರು ಕೊಡಿಸಿದ ಸೀರೆ. ಅದು ನನಗೆ ಗೊತ್ತೇ ಇರಲಿಲ್ಲ. ಚಿತ್ರವನ್ನು ಅಳಿಸಿದೆ, ಗೆಳತಿಯರೂ ಅಳಿಸಿದರು. ಅತ್ತೆಯವರು ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ, ಮತ್ತು ಅವರ ಕೋಪ ನ್ಯಾಯವಾಗಿತ್ತು. ಅದಾದ ಕೆಲವೇ ದಿನಗಳಲ್ಲಿ, ಮಗಳ ಸಮವಸ್ತ್ರದ ಲಂಗದ ಅಂಚು ಬಿಚ್ಚಿ ಉದ್ದ ಮಾಡಿದ್ದನ್ನು ಬರೆಯಲು ಹೊರಟಾಗ ಆಕೆ, “ಅಮ್ಮ, ಅದನ್ನ ಹಾಕ್ಕೊಂಡು ಹೋಗೋದು ನಾನು” ಎಂದಳು. ಬರೆಯಲಿಲ್ಲ.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮ ಇಷ್ಟು. ಮನೆಯವರಲ್ಲಿ ಯಾರ ವಿಷಯ ಬಂದರೂ ಮೊದಲು ಅವರನ್ನು ಕೇಳುತ್ತೇನೆ, ಬೇಡವೆಂದರೆ ಕಾರಣ ಕೇಳುವುದಿಲ್ಲ. ಮಕ್ಕಳ ಮುಖ, ಶಾಲೆಯ ಹೆಸರು, ಅಂಕಪಟ್ಟಿಗಳನ್ನು ಕಳುಹಿಸುವುದಿಲ್ಲ. ಊರಿಗೆ ಹೋಗಿ ಬಂದ ಸುದ್ದಿಯನ್ನು ಬಂದ ಮೇಲೆ ಹೇಳುತ್ತೇನೆ. ನಮ್ಮ ಯಜಮಾನರ ಸಂಬಳವನ್ನು ಅವರು ಯಾರಿಗೂ ಹೇಳಲು ಇಷ್ಟಪಡುವುದಿಲ್ಲವಾದ್ದರಿಂದ ಪುಟದ ಮೇಲ್ಭಾಗದಲ್ಲಿ ಆದಾಯವನ್ನು ನೂರು ಎಂದು ಬರೆದು, ದಿನಸಿಗೆ ಅದರಲ್ಲಿ ಎಷ್ಟು, ಶಾಲೆಗೆ ಎಷ್ಟು, ಔಷಧಿಗೆ ಎಷ್ಟು, ಮದುವೆ ಮುಂಜಿಗಳ ಮುಯ್ಯಿಗೆ ಎಷ್ಟು ಎಂದು ತೋರಿಸುತ್ತೇನೆ. ಹೋಲಿಸಿ ನೋಡಲು ಅಷ್ಟೇ ಸಾಕಾಗುತ್ತದೆ. ಗೆಳತಿಯರ ನಡುವೆ ಸಾಲವಿಲ್ಲ, ಚೀಟಿಯಿಲ್ಲ. ಒಮ್ಮೆ ಪರಿಚಯದವರೊಬ್ಬರು ನಮ್ಮಲ್ಲಿಯೇ ತಿಂಗಳ ಚೀಟಿ ನಡೆಸೋಣವೆಂದಾಗ, 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಹಾಗೆ ನಡೆಸುವಂತಿಲ್ಲವೆಂದು ಬೆಂಗಳೂರಿನ ಗೆಳತಿ ವಿವರಿಸಿದರು. ಕಾಯ್ದೆಯ ಮಾತು ಬಾರದಿದ್ದರೂ ನಾನು ಸೇರುತ್ತಿರಲಿಲ್ಲ, ಏಕೆಂದರೆ ಹಣ ಬಾಕಿಯಿರುವವರ ಮುಂದೆ ಖರ್ಚಿನ ಪುಟವನ್ನು ಮುಚ್ಚುಮರೆಯಿಲ್ಲದೆ ಬಿಚ್ಚಿಡಲು ಯಾರಿಗೂ ಆಗುವುದಿಲ್ಲ.

ಇನ್ನೊಂದು ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ಮಕ್ಕಳ ಹಾಲು, ಹಿರಿಯರ ಔಷಧಿ, ಮನೆಗೆಲಸಕ್ಕೆ ಬರುವಾಕೆಯ ಸಂಬಳ, ಇವುಗಳಲ್ಲಿ ಕಡಿತ ಮಾಡಿದ್ದನ್ನು ನಾವು ಯಾರೂ ಉಳಿತಾಯವೆಂದು ಬರೆಯುವುದಿಲ್ಲ. ಅತ್ತೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ತಿಂಗಳು ನನ್ನ ಪುಟದಲ್ಲಿ ಖರ್ಚು ನೂರನ್ನು ಎಷ್ಟೋ ದಾಟಿತ್ತು. ಎಲ್ಲಿ ಕಡಿಮೆ ಮಾಡಬಹುದಿತ್ತೆಂದು ಆ ತಿಂಗಳು ಒಬ್ಬರೂ ಕೇಳಲಿಲ್ಲ. ಅವರಿಗೆ ಈಗ ಕಣ್ಣು ಹೇಗಿದೆ ಎಂದು ಆರು ಮಂದಿಯೂ ಕೇಳಿದರು.

ಕೌದಿ ಮುಗಿಯಲು ಒಂಬತ್ತು ತಿಂಗಳು ಹಿಡಿಯಿತು. ಮಾವನವರು ಕೊಡಿಸಿದ ಸೀರೆಯನ್ನು ಅತ್ತೆಯವರು ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡರು, ಅದರ ಬದಲಿಗೆ ನನ್ನದೊಂದು ಸೀರೆ ಸೇರಿತು. ಈ ಬರಹವನ್ನೂ ಮೊದಲು ಅವರಿಗೆ ಓದಿ ಹೇಳಿದೆ. ಒಂದು ವಾಕ್ಯವನ್ನು ತೆಗೆಯಿಸಿದರು, ಹರಳೆಣ್ಣೆಯನ್ನು ಬಿಸಿ ಮಾಡದೆ ಹಾಗೆಯೇ ಸವರಬೇಕೆಂದು ಸೇರಿಸಲು ಹೇಳಿದರು, ಆಮೇಲೆ ಈ ಸಲದ ಸಿಲಿಂಡರಿಗೆ ಎಷ್ಟು ದಿನವಾಯಿತೆಂದು ಕೇಳಿದರು. ಇಂದಿಗೆ ಮೂವತ್ತೆಂಟು.