ತೋಟದಲ್ಲಿ ಕುದುರೆ ಹಾರಿಸುವವರಿಗೆ

ಡ್ರಮ್ಮು, ಗಳ, ಹುಲ್ಲಿನ ಪೆಂಡಿ ಎಂದು ತೋಟದಲ್ಲಿ ಸಿಕ್ಕಿದ್ದನ್ನೇ ಅಡ್ಡ ಇಟ್ಟು ಕುದುರೆ ಹಾರಿಸುವ ಖುಷಿಯೇ ಬೇರೆ. ಕಿವಿ ಮುಂದಕ್ಕೆ ನಿಮಿರಿಸಿ ಅದು ನೆಲ ಬಿಟ್ಟಾಗ ಸವಾರನ ಮೈಯೂ ಹಗುರಾಗುತ್ತದೆ. ಮಾಡಿ, ಖಂಡಿತ ಮಾಡಿ. ಆದರೆ ಕಾಲು ತಾಗಿದರೆ ಮೇಲಿನ ಗಳ ಉರುಳಿ ಬೀಳುವಂಥ ಅಡ್ಡಿಯನ್ನೇ ಕಟ್ಟಿ.

ಡ್ರಮ್ಮಿಗೆ ಗಳವನ್ನು ಹಗ್ಗದಿಂದ ಬಿಗಿಯಲೇಬೇಡಿ. ಗಳ ಜಗ್ಗದಿದ್ದರೆ ಕುದುರೆಯ ಮುಂಗಾಲು ಅಲ್ಲೇ ಸಿಕ್ಕಿ, ಅದು ಪಲ್ಟಿ ಹೊಡೆದು ಸವಾರನ ಮೇಲೇ ಬೀಳಬಹುದು. ಜೀವಕ್ಕೆ ಎರವಾಗುವುದು ಹೆಚ್ಚಾಗಿ ಇಂಥ ಬೀಳುವಿಕೆಯೇ. ಬಿದಿರೂ ಬೇಡ, ಮುರಿದರೆ ಈಟಿಯಂತೆ ಚುಚ್ಚುತ್ತದೆ. ಸಿಪ್ಪೆ ಹೆರೆದ ನೀಲಗಿರಿ ಗಳ ಒಳ್ಳೆಯದು. ಅಡ್ಡ ಮಲಗಿಸಿದ ಡ್ರಮ್ ಉರುಳದಂತೆ ಎರಡೂ ಕಡೆ ಕಲ್ಲಲ್ಲ, ಮರಳಿನ ಚೀಲ ಒತ್ತಿಡಿ. ಹುಲ್ಲಿನ ಪೆಂಡಿಯ ದಾರ ಸಡಿಲವಾಗಿದ್ದರೆ ಗೊರಸು ಸಿಕ್ಕಿಕೊಳ್ಳುತ್ತದೆ, ನೋಡಿಕೊಳ್ಳಿ. ಮುಳ್ಳುತಂತಿ ಹತ್ತಿರವೂ ಇರಕೂಡದು.

ಇನ್ನೊಂದು ವಿಷಯ ಹಲವರ ಗಮನಕ್ಕೇ ಬರುವುದಿಲ್ಲ. ಹಾರುವ ಗಳಿಗೆಯಲ್ಲಿ ಮೂತಿಯ ನೇರ ಮುಂದಿರುವುದು ಕುದುರೆಗೆ ಕಾಣುವುದಿಲ್ಲ. ದೂರದಿಂದಲೇ ಅಡ್ಡಿಯ ಬುಡ ನೋಡಿ ಅಳತೆ ಹಾಕಿಕೊಂಡಿರುತ್ತದೆ. ಅದಕ್ಕೇ ಅದು ಬರುವ ಬದಿಯಲ್ಲಿ, ಅಡ್ಡಿಯಿಂದ ಒಂದು ಗೇಣು ಮುಂದೆ, ನೆಲದ ಮೇಲೆ ಇನ್ನೊಂದು ಗಳ ಇಡಿ. ಹಿಂದಿನ ಬದಿಗಿಟ್ಟರೆ ಲೆಕ್ಕ ತಪ್ಪಿ ತೀರಾ ಹತ್ತಿರ ಬಂದು ಹಾರುತ್ತದೆ.

ಎತ್ತರ ಶುರುವಿಗೆ 40-50 ಸೆಂ.ಮೀ. ಸಾಕು. ಹಾರಿ ಇಳಿಯುವ ಜಾಗವನ್ನು ಮೊದಲು ನಡೆದು ನೋಡಿ: ಹೆಗ್ಗಣದ ಬಿಲ, ಡ್ರಿಪ್ ಪೈಪು, ಕೆಸರು. ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ಒಬ್ಬರೇ ಇರುವಾಗ ಹಾರಿಸಲೂ ಬೇಡಿ.